ಬಕೆಟ್ಟಿಗೆ ಹತ್ತು ಮುಚ್ಚಳ

ಪಾಂಡೀಶ್ವರಿ ಏಳನೆಯ ಮುಚ್ಚಳ ಸುರಿಯುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಯಾರೋ ಅವಳ ಹೆಸರು ಹಿಡಿದು ಕರೆದರು. ಅವಳು ತಲೆ ಎತ್ತಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಬಾಯಲ್ಲೇ ಎಣಿಸಿ ಮುಗಿಸಿ, ಬ್ಲೀಚಿಂಗ್ ಬಾಟಲಿಯ ಬಿರಡೆ ತಿರುಗಿಸಿ, ಬಕೆಟ್ಟಿನ ನೀರನ್ನು ಕೋಲಿನಿಂದ ನಿಧಾನವಾಗಿ ಕಲಕಿದ ಮೇಲೆಯೇ ತಿರುಗಿ ನೋಡಿದಳು. ನಡುವೆ ಎಣಿಕೆ ತಪ್ಪಿದರೆ ನೀರು ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು, ಅದು ಅತ್ತೆಯ ಕಟ್ಟಳೆ. ಆ ಅತ್ತೆ ಲಕ್ಷ್ಮಿಯಮ್ಮಾಳ್ ಈಗ ಮುಂದಿನ ಪಡಸಾಲೆಯಲ್ಲಿ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದಳು. ನಿನ್ನೆ ಸಂಜೆ ಐದೂವರೆಗೆ ಅವಳ ಪ್ರಾಣ ಹೋಗಿತ್ತು.

"ಪಾಂಡೀಸ್ರಿ, ಬಂದು ಪೆಟ್ಟಿಗೆ ಪಕ್ಕ ಕುಂತ್ಕೋ ತಾಯಿ. ಸೊಸೆ ಎಲ್ಲಿ, ಸೊಸೆ ಎಲ್ಲಿ ಅಂತ ಜನ ಕೇಳ್ತಾ ಅವ್ರೆ," ಎಂದಳು ಪಕ್ಕದ ಮನೆಯ ಜೆಯಂತಿ.

"ಬತ್ತೀನಕ್ಕಾ. ಕುಡಿಯೋ ಡ್ರಮ್ಮಿಗೆ ಎರಡು ಮುಚ್ಚಳ ಹಾಕ್ಬುಟ್ಟು ಬತ್ತೀನಿ."

"ಸತ್ತೋರಿಗೋಸ್ಕರ ಅಳೋದ ಬುಟ್ಟು ಇದೇನು ಕೆಲ್ಸ?"

"ಅವ್ರಿಗೋಸ್ಕರ ತಾನೆ ಮಾಡ್ತಿರೋದು."

ಸಾವಿನ ಮನೆಯಲ್ಲಿ ಸೊಸೆಯಾದವಳು ಅಳಬೇಕು, ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಕಣ್ಣಲ್ಲಿ ನೀರು ಬಾರದಿದ್ದರೆ ಸೆರಗಾದರೂ ಮುಖಕ್ಕೆ ಹಿಡಿಯಬೇಕು. ಪಾಂಡೀಶ್ವರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೈಗೆ ರಬ್ಬರಿನ ಗ್ಲೌಸು ಬೇರೆ. ನೋಡಿದವರು ಏನಾದರೂ ಅಂದುಕೊಳ್ಳಲಿ, ಅವಳಿಗೆ ಪುರುಸೊತ್ತಿರಲಿಲ್ಲ.

ವಿಷಯ ಇಷ್ಟೇ. ಆಡಿ ತಿಂಗಳಲ್ಲಿ, ಆಷಾಢದ ಮಳೆಯಿಂದ ಹೊಳೆಗೆ ಹೊಸ ನೀರು ಬಂದಾಗ ತಮಿಳು ಸೀಮೆಯ ಆ ಊರಿನ ಕುಡಿಯುವ ನೀರಿನ ಪೈಪು ಚರಂಡಿಯ ಕೆಳಗೆ ಎಲ್ಲೋ ಒಡೆದು, ಮೂರು ಬೀದಿಗಳಲ್ಲಿ ವಾಂತಿಭೇದಿ ಹಬ್ಬಿತ್ತು. ಹತ್ತೊಂಬತ್ತು ಜನ ಪಕ್ಕದ ಪೇಟೆ ಕಂಬಂನ ಆಸ್ಪತ್ರೆ ಸೇರಿದರು. ಪೈಪೇನೋ ಎರಡು ದಿನದಲ್ಲಿ ರಿಪೇರಿಯಾಯಿತು. ಆದರೆ ಅಷ್ಟರಲ್ಲಿ ರೋಗ ಪೈಪು ಬಿಟ್ಟು ಕೈಗೆ ಬಂದಿತ್ತು, ಕೈಯಿಂದ ಚೊಂಬಿಗೆ, ಚೊಂಬಿನಿಂದ ಇನ್ನೊಬ್ಬರ ಬಾಯಿಗೆ. ಎಪ್ಪತ್ತೆರಡು ವರ್ಷದ ಲಕ್ಷ್ಮಿಯಮ್ಮಾಳ್ ಬ್ಲೀಚಿಂಗ್ ಬಾಟಲಿ ಹಿಡಿದು ಹತ್ತು ದಿನ ಮನೆಮನೆ ಹತ್ತಿ ಇಳಿದಳು. ಮೂರು ದಿನದಿಂದ ಹೊಸದಾಗಿ ಯಾರೂ ಹಾಸಿಗೆ ಹಿಡಿದಿರಲಿಲ್ಲ. ನಿನ್ನೆ ಕೊನೆಯ ಬೀದಿ ಮುಗಿಸಿ ಬಂದು ಜಗಲಿಯ ಮೇಲೆ ಕೂತವಳು, "ಇನ್ನೂ ಐದು ದಿವಸ ಕೈ ಬುಡಬ್ಯಾಡ ಪಾಂಡೀಸ್ರಿ, ಆಮೇಲೆ ಅದು ತಾನಾಗಿ ಓಗ್ತದೆ," ಎಂದಳು. ಕುಡಿಯಲು ನೀರು ಕೇಳಿದಳು. ಸೊಸೆ ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದ ತಲೆ ಪಕ್ಕಕ್ಕೆ ವಾಲಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು.

ಐದು ದಿನದಲ್ಲಿ ಇದು ಮೊದಲನೆಯ ದಿನ. ಇವತ್ತೇ ನಾನೂರು ಜನ ಬರುತ್ತಾರೆ. ದಿಂಡಿಗಲ್ಲಿನಿಂದ, ಚಿನ್ನಾಳಪಟ್ಟಿಯಿಂದ, ತೇನಿಯಿಂದ ನೆಂಟರು ಬರುತ್ತಾರೆ. ಆಸ್ಪತ್ರೆಯಿಂದ ಮೊನ್ನೆ ಮನೆಗೆ ಬಂದವರೂ ಬರುತ್ತಾರೆ, ಸಾವಿಗೆ ಬಾರದೆ ಇರುವುದುಂಟೇ? ಎಲ್ಲರೂ ಒಂದೇ ಡ್ರಮ್ಮಿಗೆ ಚೊಂಬು ಅದ್ದುತ್ತಾರೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಲೆಯಡಿಕೆ, ಬೀಡಿ ದಾಟುತ್ತವೆ. ಚಟ್ಟಕ್ಕೆ ನಲವತ್ತು ಜನ ಕೈ ಬದಲಿಸಿಕೊಳ್ಳುತ್ತಾರೆ. ಮಸಣದಿಂದ ಬಂದು ಸಾಲಾಗಿ ಕೂತು ಅನ್ನ ಕಲಸುತ್ತಾರೆ. ಅತ್ತೆ ಓಡಿಸಿದ ರೋಗವನ್ನು ಅತ್ತೆಯ ಸಾವೇ ಮತ್ತೆ ಕರೆದು ತಂದರೆ, ನಾಲ್ಕು ಊರಿಗೂ ಹಂಚಿದರೆ? ರಾತ್ರಿಯೆಲ್ಲ ಪಾಂಡೀಶ್ವರಿಗೆ ಇದೊಂದೇ ಯೋಚನೆ.

ಅವಳ ಗಂಡ ತಮಿಳ್‌ಸೆಲ್ವನ್ ಬೆಳಗ್ಗೆಯೇ ಬೈಕಿನಲ್ಲಿ ಕಂಬಂಗೆ ಹೋಗಿ ಬಂದಿದ್ದ. ತಾಯಿ ಸತ್ತ ದುಃಖದಲ್ಲಿ ಅಂಗಡಿಯವನು ಕೊಟ್ಟಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡಿದ್ದ. ನಾಲ್ಕು ಬಾಟಲಿ ಬ್ಲೀಚಿಂಗ್ ಸರಿಯಾಗಿಯೇ ಇತ್ತು. ಐದನೆಯದನ್ನು ಪಾಂಡೀಶ್ವರಿ ಚೀಲದಿಂದ ತೆಗೆದು ನೋಡಿ ದೂರ ಇಟ್ಟಳು.

"ಇದ್ಯಾಕ ತಂದ್ರಿ? ಇದು ಕಕ್ಕಸು ತೊಳೆಯೋ ಆಸಿಡ್ಡು."

"ಎಲ್ಲಾ ಸೇರಿಸಿದ್ರೆ ಜೋರಾಗಿ ಕೆಲ್ಸ ಮಾಡ್ತದೆ ಅಂದ ಅಂಗಡಿಯವ್ನು."

"ಇದನ್ನೂ ಅದನ್ನೂ ಸೇರಿಸಿದ್ರೆ ಹೊಗೆ ಬಂದು ಇನ್ನೊಂದು ಚಟ್ಟ ಕಟ್ಟಬೇಕಾಗ್ತದೆ. ತಕ್ಕೊಂಡೋಗಿ ಕೊಟ್ಬುಡಿ."

ತಮಿಳ್‌ಸೆಲ್ವನ್ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದ. ಥೇಟ್ ಅಮ್ಮನ ದನಿ ಇದು ಅನ್ನಿಸಿತು. ಅನ್ನಿಸಿದ್ದೇ ತಡ, ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಅಳು ಒಮ್ಮೆಗೇ ಬಂದುಬಿಟ್ಟಿತು. ತೋಟದಲ್ಲಿ ದ್ರಾಕ್ಷಿ ಬುಟ್ಟಿ ಹೊತ್ತು ಗಟ್ಟಿಯಾದ ಆ ಭುಜಗಳು ಕುಲುಕಾಡುತ್ತಿದ್ದವು. ಪಾಂಡೀಶ್ವರಿ ಗ್ಲೌಸು ಕಳಚಿ ಅವನ ಬೆನ್ನ ಮೇಲೆ ಕೈ ಇಟ್ಟಳು.

*

ಹನ್ನೊಂದು ಗಂಟೆಗೆ ಮುತ್ತಯ್ಯ ಬಂದರು. ಸತ್ತವಳ ಗಂಡನಿಗೆ ಇವರು ಸ್ವಂತ ಅಣ್ಣ. ವಯಸ್ಸು ಎಂಬತ್ತು, ಕೈಯಲ್ಲಿ ಕೋಲಿಲ್ಲ, ಮಾತಿನಲ್ಲಿ ತಡೆಯಿಲ್ಲ. ಮನೆತನದಲ್ಲಿ ಮದುವೆಯಾಗಲಿ ಸಾವಾಗಲಿ, ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಅವರ ಬಾಯಿಂದಲೇ ಬರಬೇಕು. ಚಪ್ಪರದೊಳಗೆ ಕಾಲಿಟ್ಟವರು ಬಾಗಿಲ ಬಳಿಯ ಬಕೆಟ್ಟು ನೋಡಿ ಮೂಗಿಗೆ ಟವೆಲ್ಲು ಹಿಡಿದರು.

"ಇದೇನಿದು?"

"ಕೈ ತೊಳೆಯಾಕ ದೊಡ್ಡ ಮಾಮಾ. ಒಳಗ ಬರೋರು, ಚಟ್ಟ ಮುಟ್ಟೋರು, ಎಲ್ಲಾರೂ..."

"ಸಾವು ಕೇಳಾಕ ಬಂದೋರ್ನ ನಿನ್ನ ಕೈ ಕೊಳಕು ಅಂತ ಬಾಗಿಲಾಗ ನಿಲ್ಲಿಸ್ತೀಯಾ? ನಾಳೆ ನಮ್ಮ ಜನ ಏನಂತಾರೆ?"

"ರೋಗ ಬಂದ್ರೂ ಅಂತಾರೆ ಮಾಮಾ."

ಮುತ್ತಯ್ಯ ಬಕೆಟ್ಟನ್ನು ತಾವೇ ಎತ್ತಿ ಹಿತ್ತಲಿಗೆ ತೆಗೆದುಕೊಂಡು ಹೋಗಿ ಇಟ್ಟು ಬಂದರು. ಅವರು ಬಂದು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಪಾಂಡೀಶ್ವರಿ ಅದನ್ನು ಮತ್ತೆ ಬಾಗಿಲಿಗೆ ತಂದಿಟ್ಟಳು. ಚಪ್ಪರದ ಕೆಳಗಿದ್ದವರು ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆದರೆ ಮನೆತನದ ಹಿರಿಯನೇ ಕೈ ತೊಳೆಯದೆ ಕೂತಿರುವಾಗ ತಾವ್ಯಾಕೆ ತೊಳೆಯಬೇಕು ಎಂದು ಮುಕ್ಕಾಲು ಪಾಲು ಜನ ಬಕೆಟ್ಟಿನ ಪಕ್ಕದಿಂದ ದಾಟಿಕೊಂಡು ಒಳಗೆ ಹೋದರು. ಪಾಂಡೀಶ್ವರಿ ಹೋದವರನ್ನೆಲ್ಲ ಎಣಿಸುತ್ತಲೇ ಇದ್ದಳು.

"ನಲವತ್ತು ವರ್ಷ ಈ ನಾತದಾಗೆ ಬದುಕಿದ್ಳು," ಎಂದರು ಮುತ್ತಯ್ಯ, ಯಾರಿಗೂ ಅಲ್ಲದ ಹಾಗೆ. "ಇವತ್ತಾದ್ರೂ ನಮ್ಮ ಮನೆ ಹೆಂಗಸಾಗಿ ಓಗ್ಲಿ. ಹೂವಿನ ವಾಸ್ನೆ, ಅರಿಶಿನದ ವಾಸ್ನೆ ಇರ್ಲಿ. ಅಷ್ಟೇ ನಾ ಕೇಳೋದು."

*

ನಲವತ್ತು ವರ್ಷದ ಹಿಂದೆ ಲಕ್ಷ್ಮಿಯಮ್ಮಾಳಿನ ಗಂಡ ತೆಂಗಿನ ಮರದಿಂದ ಬಿದ್ದು ಸತ್ತಾಗ ತಮಿಳ್‌ಸೆಲ್ವನ್ ಮೂರು ವರ್ಷದ ಮಗು. ಇದ್ದ ಮುಕ್ಕಾಲು ಎಕರೆಯಲ್ಲಿ ಬತ್ತ ಬೆಳೆದು ಇಬ್ಬರು ತಿನ್ನಬಹುದಿತ್ತು, ಹುಡುಗನನ್ನು ಓದಿಸಲಾಗುತ್ತಿರಲಿಲ್ಲ. ಕಂಬಂ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದರು. ಅವಳು ಯಾರನ್ನೂ ಕೇಳದೆ ಹೋಗಿ ಸೇರಿಕೊಂಡಳು.

"ನಮ್ಮ ಜನದಾಗೆ ಯಾವ ಹೆಂಗಸೂ ಊರವ್ರ ಮಲ ತೊಳೆದಿಲ್ಲ," ಎಂದು ಮುತ್ತಯ್ಯ ಬೀದಿಯಲ್ಲಿ ನಿಂತು ಕೂಗಿದ್ದರು. "ಅಕ್ಕಿ ನಾ ಕೊಡ್ತೀನಿ. ಮನೆಲಿರು."

"ಅಕ್ಕಿ ಕೊಡ್ತೀರಿ ಭಾವ. ಮಾತೂ ಕೊಡ್ತೀರಿ. ಎರಡೂ ತಿಂದು ಅರಗಿಸ್ಕೊಳ್ಳೋ ಶಕ್ತಿ ನಂಗಿಲ್ಲೆ," ಎಂದಿದ್ದಳು ಲಕ್ಷ್ಮಿಯಮ್ಮಾಳ್. ಅವತ್ತಿನಿಂದ ಮುತ್ತಯ್ಯ ಅವಳ ಮನೆಯಲ್ಲಿ ಒಂದು ಲೋಟ ನೀರು ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಹೆರಿಗೆ ವಾರ್ಡಿಗೆ ಹಾಕಿದರು. ಬಕೆಟ್ಟಿನಲ್ಲಿ ಬ್ಲೀಚಿಂಗ್ ಬೆರೆಸುವುದು ಅವಳ ಪಾಲಿಗೆ ಬಂತು. ಮೊದಲಿದ್ದವರು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದರು. ಜಾಸ್ತಿಯಾದರೆ ಕೈ ಸುಲಿಯುತ್ತಿತ್ತು, ಕಡಿಮೆಯಾದರೆ ನೀರಿಗೂ ಅದಕ್ಕೂ ವ್ಯತ್ಯಾಸವಿರುತ್ತಿರಲಿಲ್ಲ. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ಲಕ್ಷ್ಮಿಯಮ್ಮಾಳ್ ಒಬ್ಬ ನರ್ಸಮ್ಮನ ಹಿಂದೆ ಬಿದ್ದು ಲೆಕ್ಕ ಕಲಿತಳು. ಸಿರಿಂಜಿನಲ್ಲಿ ನೀರು ಎಳೆದು ಒಂದು ಔಷಧಿ ಬಾಟಲಿಯ ಮುಚ್ಚಳಕ್ಕೆ ಬಿಟ್ಟು ನೋಡಿದಳು, ಸರಿಯಾಗಿ ಹತ್ತು ಎಂಎಲ್ ಹಿಡಿಯಿತು. ಹತ್ತು ಲೀಟರಿನ ಬಕೆಟ್ಟಿಗೆ ಹತ್ತು ಮುಚ್ಚಳ, ಅದು ಕೈಗೆ. ಒಂದು ಪಾಲು ಬ್ಲೀಚಿಂಗಿಗೆ ಒಂಬತ್ತು ಪಾಲು ನೀರು, ಅದು ರಕ್ತ, ವಾಂತಿ ಬಿದ್ದ ನೆಲಕ್ಕೆ. ಇನ್ನೂರು ಲೀಟರಿನ ಡ್ರಮ್ಮಿಗೆ ಎರಡೇ ಮುಚ್ಚಳ, ಕಲಕಿ ಅರ್ಧ ಗಂಟೆ ಬಿಟ್ಟರೆ ಕುಡಿಯಲು. ತಣ್ಣೀರೇ ಆಗಬೇಕು, ಬಿಸಿನೀರು ಕೂಡದು. ಬಿಸಿಲಲ್ಲಿಟ್ಟ ಬಾಟಲಿ, ತೆಗೆದು ತಿಂಗಳುಗಟ್ಟಲೆ ಆದ ಬಾಟಲಿ ನಂಬಬಾರದು. ಇವತ್ತು ಕಲಕಿದ್ದು ಇವತ್ತಿಗೆ ಮಾತ್ರ.

ಲೆಕ್ಕ ಕೈಗೆ ಬಂದಿತು, ವಾಸನೆಯೂ ಬಂದಿತು. ಎಷ್ಟು ಸೀಗೆಕಾಯಿ ಹಚ್ಚಿ ಮಿಂದರೂ ಅವಳ ಸೀರೆಯಲ್ಲಿ, ಬೆರಳಲ್ಲಿ, ಕೂದಲಲ್ಲಿ ಬ್ಲೀಚಿಂಗಿನ ಘಾಟು ಇದ್ದೇ ಇರುತ್ತಿತ್ತು. ಮದುವೆ ಮನೆಗಳಲ್ಲಿ ಪಂಕ್ತಿಯ ಕೊನೆಗೆ ಎಲೆ ಹಾಕುತ್ತಿದ್ದರು. ಬೇರೆಯವರ ಮಾತೇಕೆ, ಸೊಸೆಯಾಗಿ ಬಂದಾಗಿನಿಂದ ಪಾಂಡೀಶ್ವರಿಯೇ ಅತ್ತೆಯ ಬಟ್ಟೆಯ ಜೊತೆ ತನ್ನ ಬಟ್ಟೆ ಒಣಹಾಕುತ್ತಿರಲಿಲ್ಲ. ಹಿತ್ತಲಲ್ಲಿ ಎರಡು ಹಗ್ಗ ಕಟ್ಟಿದ್ದಳು. ಅತ್ತೆ ನೋಡಿದಳು. ಹಗ್ಗ ಸಡಿಲವಾದಾಗ ಎರಡನ್ನೂ ತಾನೇ ಬಿಗಿ ಮಾಡುತ್ತಿದ್ದಳು.

ಊರು ಅವಳ ಮಾತನ್ನು ಕೇಳಿದ್ದು ಕೊರೋನಾ ಬಂದ ವರ್ಷ ಮಾತ್ರ, ಅದೂ ಬೈಸಿಕೊಂಡ ಮೇಲೆ. ಮುತ್ತಯ್ಯನ ಮಗ ಜೆಯಕುಮಾರ್ ದ್ರಾಕ್ಷಿ ತೋಟಕ್ಕೆ ಮದ್ದು ಹೊಡೆಯುವ ಪಂಪಿನಲ್ಲಿ ಬ್ಲೀಚಿಂಗ್ ತುಂಬಿಕೊಂಡು ಊರ ಬಾಗಿಲಲ್ಲಿ ನಿಂತಿದ್ದ. ಬಂದವರ ಮೇಲೆಲ್ಲ ತಲೆಯಿಂದ ಕಾಲಿನವರೆಗೆ ಸಿಂಪಡಿಸಿ, ಕಣ್ಣು ಉರಿದು ಅಳುತ್ತಿದ್ದವರಿಗೆ ರೋಗ ಸಾಯುತ್ತಿದೆ ಎಂದು ಧೈರ್ಯ ಬೇರೆ ಹೇಳುತ್ತಿದ್ದ. ಲಕ್ಷ್ಮಿಯಮ್ಮಾಳ್ ಹೋಗಿ ಪಂಪಿನ ಪಟ್ಟಿ ಹಿಡಿದೆಳೆದಳು.

"ಏನಪ್ಪಾ, ಮನ್ಸರೇನು ಪನ್ನೀರ್ ದ್ರಾಕ್ಷಿನಾ? ಬಾಗಿಲ ಚಿಲಕಕ್ಕೆ ಹೊಡಿ, ಬಸ್ಸಿನ ಕಂಬಿಗೆ ಹೊಡಿ. ಮೈಗೆ ಸೋಪು ಸಾಕು."

*

ಈ ಸಲದ ವಾಂತಿಭೇದಿಯಲ್ಲಿ ಮೊದಲು ಮಲಗಿದವನು ಅದೇ ಜೆಯಕುಮಾರ್. ಮುತ್ತಯ್ಯನ ಮನೆಯಲ್ಲಿ ಅವತ್ತು ತೊಳೆಯಲು ಯಾರೂ ಇರಲಿಲ್ಲ, ಕೂಲಿಯವರು ಕೇಳಿದಷ್ಟು ಕೊಡುತ್ತೇನೆಂದರೂ ಬರಲಿಲ್ಲ. ಲಕ್ಷ್ಮಿಯಮ್ಮಾಳ್ ಕರೆಯದೆ ಹೋದಳು. ಜೊತೆಗೆ ಪಾಂಡೀಶ್ವರಿಯನ್ನೂ ಕರೆದುಕೊಂಡಳು. "ಮೊಣಕಾಲು ಮಡಚಾಕ ಆಗ್ತಿಲ್ಲೆ. ನಾ ಹೇಳ್ತೀನಿ, ನೀ ಮಾಡು," ಎಂದಳು. ಇಪ್ಪತ್ತು ವರ್ಷ ಬೇರೆ ಹಗ್ಗದಲ್ಲಿ ಬಟ್ಟೆ ಒಣಗಿಸಿದ ಸೊಸೆ ಆವತ್ತು ಮೊದಲ ಸಲ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದಳು.

ಮೊದಲ ಬಕೆಟ್ಟಿಗೆ ಹನ್ನೆರಡು ಮುಚ್ಚಳ ಹಾಕಿಬಿಟ್ಟಳು. "ಚೆಲ್ಲು," ಎಂದಳು ಅತ್ತೆ. ಎರಡನೆಯದಕ್ಕೆ ಒಂಬತ್ತು. "ಚೆಲ್ಲು," ಎಂದಳು. ಮೂರನೆಯ ಸಲ ಪಾಂಡೀಶ್ವರಿಗೆ ಸಿಟ್ಟು ನೆತ್ತಿಗೇರಿತು.

"ಒಂದು ಮುಚ್ಚಳದಾಗೆ ಏನತ್ತೆ ಆಗೋಗ್ತದೆ?"

"ಏನೂ ಆಗಲ್ಲ. ಒಂದರಾಗೆ ಏನೂ ಆಗಲ್ಲ ಅಂದೋನು ನಾಳೆ ಎರಡು ಬುಡ್ತಾನೆ, ನಾಡಿದ್ದು ಅಂದಾಜಾಗೆ ಸುರೀತಾನೆ. ಎಣಿಸೋರು ಒಬ್ರು ಇರಬೇಕು. ಎಣಿಸು."

ಮುತ್ತಯ್ಯ ಬೆನ್ನು ಹಾಕಿ ನಿಂತಿದ್ದರು. ತಮ್ಮನ ಹೆಂಡತಿ ತಮ್ಮ ಮಗನ ವಾಂತಿಯನ್ನು ನಿಂತು ಒರೆಸಿಸುವುದನ್ನು ಅವರು ನೋಡಲಿಲ್ಲ ಎಂದು ಹೇಳಲಾಗದು. ಕೆಲಸ ಮುಗಿಸಿ ಹೊರಟಾಗ ಅವರು ಏನೋ ಹೇಳಲು ಬಾಯಿ ತೆರೆದರು. ಲಕ್ಷ್ಮಿಯಮ್ಮಾಳ್ ಕಾಯದೆ ಮುಂದಿನ ಮನೆಗೆ ನಡೆದಳು. ಅವಳಿಗೆ ಇನ್ನೂ ಎರಡು ಬೀದಿ ಬಾಕಿ ಇತ್ತು.

*

ಎರಡು ಗಂಟೆಯ ಹೊತ್ತಿಗೆ ಚಟ್ಟ ಸಿದ್ಧವಾಯಿತು. ಬೀದಿ ತುಂಬ ಜನ. ಲಕ್ಷ್ಮಿಯಮ್ಮಾಳನ್ನು ಸ್ನಾನ ಮಾಡಿಸಿ, ಹೊಸ ಸೀರೆ ಹೊದಿಸಿ, ಚಪ್ಪರದ ಕೆಳಗೆ ಬೆಂಚಿನ ಮೇಲೆ ಮಲಗಿಸಿದ್ದರು. ಪಾಂಡೀಶ್ವರಿ ಅಲ್ಲೇ ಪಕ್ಕದಲ್ಲಿ, ಚಟ್ಟದ ಬಿದಿರು ಒರೆಸಲೆಂದು, ಒಂದಕ್ಕೆ ಒಂಬತ್ತರ ಗಟ್ಟಿ ನೀರನ್ನು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಕಲಕಿಟ್ಟಿದ್ದಳು. ಕೈ ತೊಳೆಯುವ ಬಕೆಟ್ಟು ಆರನೆಯ ಸಲ ಬಾಗಿಲಿಗೆ ಬಂದಿತ್ತು. ತೊಳೆದವರು ನೂರಿರಬಹುದು. ಇನ್ನು ಮುನ್ನೂರು ಜನರ ಕೈಗಳು ಹಾಗೇ ಇದ್ದವು.

ಟಬ್ಬಿನ ಘಾಟು ಗಾಳಿಗೆ ತಿರುಗಿ ಮುತ್ತಯ್ಯನ ಮೂಗಿಗೆ ಹೊಡೆಯಿತು. ಅವರು ಎದ್ದು ಒಳಗೆ ಹೋದರು. ಸ್ನಾನಕ್ಕೆಂದು ತಂದು ಮಿಕ್ಕಿದ್ದ ಅರಿಶಿನದ ಪುಡಿಯ ಪೊಟ್ಟಣ ಹಿಡಿದು ಬಂದರು.

"ಕ್ರಿಮಿ ಸಾಯಬೇಕು, ಅಷ್ಟೇ ತಾನೆ? ಮಂಜಳ್ ಕೊಲ್ಲಲ್ವಾ ಕ್ರಿಮಿಯ? ನಮ್ಮ ತಾತ ಮುತ್ತಾತ ಬ್ಲೀಚಿಂಗಾಗಾ ಬದುಕಿದ್ರು? ಇದೂ ಇರ್ಲಿ, ಅದೂ ಇರ್ಲಿ. ನಾತ ಅಡಗ್ತದೆ."

"ಬ್ಯಾಡ ಮಾಮಾ," ಎಂದು ಪಾಂಡೀಶ್ವರಿ ಏಳುವಷ್ಟರಲ್ಲಿ ಪೊಟ್ಟಣ ಪೂರಾ ಟಬ್ಬಿಗೆ ಬಿದ್ದಿತ್ತು. ಮುತ್ತಯ್ಯ ಕೋಲು ತೆಗೆದುಕೊಂಡು ಜೋರಾಗಿ ಕಲಕಿದರು.

ಹಳದಿಯಾಗಬೇಕಿದ್ದ ನೀರು ಕೋಲು ಎರಡು ಸುತ್ತು ಬರುವಷ್ಟರಲ್ಲಿ ಕಡುಕೆಂಪಾಯಿತು. ಸುತ್ತಲಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ನೀರು ಮಾಡದ ಕೈ ಆ ಬೀದಿಯಲ್ಲಿ ಒಂದೂ ಇಲ್ಲ. ಮದುವಣಗಿತ್ತಿ ಮನೆ ಹೊಕ್ಕಾಗ, ಹೆತ್ತವಳು ಮಗುವಿನೊಡನೆ ಬಂದಾಗ, ಗೆದ್ದು ಬಂದವರು ಹೊಸ್ತಿಲಲ್ಲಿ ನಿಂತಾಗ ಎತ್ತುವ ಕೆಂಪು ನೀರು ಅದು. ಸಾವಿನ ಮನೆಯಲ್ಲಿ ಅದರ ಹೆಸರೂ ಎತ್ತುವುದಿಲ್ಲ. ಮುತ್ತಯ್ಯನ ಕೈಯಿಂದ ಕೋಲು ಜಾರಿ ಟಬ್ಬಿನಲ್ಲೇ ನಿಂತಿತು.

"ಬ್ಲೀಚಿಂಗಾಗೂ ಸುಣ್ಣದ ಗುಣ ಐತೆ ಮಾಮಾ, ಮಂಜಳ್ ಬಿದ್ರೆ ಕೆಂಪಾಗ್ತದೆ," ಎಂದಳು ಪಾಂಡೀಶ್ವರಿ. ಅವಳಿಗೆ ಸಿಟ್ಟೂ ಬಂದಿರಲಿಲ್ಲ, ಸುಸ್ತಾಗಿತ್ತು. "ಇನ್ನು ಈ ನೀರಾಗೆ ಯಾವ ಕ್ರಿಮಿನೂ ಸಾಯಲ್ಲ. ಕೊಂಚ ಹೊತ್ತಾದ್ರೆ ಬಣ್ಣಾನೂ ಓಗ್ತದೆ. ಚೆಲ್ಬುಟ್ಟು ಬೇರೆ ಕಲಕ್ತೀನಿ, ಬುಡಿ."

"ಚೆಲ್ಬ್ಯಾಡ," ಎಂದಿತು ಜನರ ಹಿಂದಿನಿಂದ ಒಂದು ದನಿ.

ದಿಂಡಿಗಲ್ಲಿನ ವ್ಯಾನಿನಿಂದ ಆಗತಾನೇ ಇಳಿದ ಮುನಿಯಮ್ಮಾಳ್ ಇಬ್ಬರ ಭುಜ ಹಿಡಿದುಕೊಂಡು ಬರುತ್ತಿದ್ದಳು. ಮುತ್ತಯ್ಯನಿಗೆ ಹಿರಿಯಕ್ಕ, ಎಂಬತ್ತಾರು ವರ್ಷ. ಮನೆತನದಲ್ಲಿ ಮುತ್ತಯ್ಯನನ್ನು ಏಕವಚನದಲ್ಲಿ ಮಾತಾಡಿಸುವ ಜೀವ ಅದೊಂದೇ ಉಳಿದಿತ್ತು. ಟಬ್ಬಿನ ಬಳಿ ಬಂದು ಬಗ್ಗಿ ನೋಡಿದಳು.

"ಯಾರು ಕಲಕಿದ್ದು?"

"ನಾನೇ ಅಕ್ಕಾ," ಎಂದರು ಮುತ್ತಯ್ಯ, ಚಿಕ್ಕ ದನಿಯಲ್ಲಿ. "ತಿಳೀದೆ ಆಗೋಯ್ತು."

ಮುನಿಯಮ್ಮಾಳ್ ಬೆಂಚಿನ ಮೇಲಿದ್ದ ತಮ್ಮನ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಕೆನ್ನೆ ಸವರಿದಳು. ಆಮೇಲೆ ಪಾಂಡೀಶ್ವರಿಯ ಕಡೆ ತಿರುಗಿದಳು.

"ಎಷ್ಟು ಜನ ಮಲಗಿದ್ರು ತಾಯಿ ಈ ಊರಾಗೆ?"

"ಹತ್ತೊಂಬತ್ತು ದೊಡ್ಡಮ್ಮಾ."

"ಸತ್ತೋರು?"

"ಯಾರೂ ಇಲ್ಲೆ."

"ಅಂದ್ರೆ ಇವ್ಳು ಗೆದ್ದು ತಾನೆ ಬಂದಿದ್ದು ನಿನ್ನೆ ಸಂಜೆ," ಎಂದಳು ಮುನಿಯಮ್ಮಾಳ್. "ಈ ಮನೆಗ ಸೊಸೆಯಾಗಿ ಬಂದ ದಿವಸ ಲಕ್ಷ್ಮಿಗೆ ಆರತಿ ಎತ್ತಿದ್ದು ನಾನು. ಆಮೇಲೆ ಯಾರೂ ಎತ್ಲಿಲ್ಲ. ಕೆಲ್ಸದ ವಯಸ್ಸು ಮುಗೀತು ಅಂತ ಆಸ್ಪತ್ರೆಯಾಗೆ ಮಾಲೆ ಹಾಕಿ ಕಳಿಸಿದ ದಿವಸ ನೀವೆಲ್ಲಾ ಬಾಗಿಲು ಹಾಕ್ಕೊಂಡಿದ್ರಂತೆ. ನಂಗೂ ಸುದ್ದಿ ಬಂದಿತ್ತು. ತಾಂಬಾಳ ತನ್ನಿ."

ಹಿಂದಿನ ಸಾಲಿನಲ್ಲಿ ಒಬ್ಬರು ಗೊಣಗಿದರು. ಮುತ್ತಯ್ಯ ಗಂಟಲು ಸರಿ ಮಾಡಿಕೊಂಡರು.

"ತಾಳಿ ಇಲ್ದೋರಿಗೆ ಆರತಿ ಎತ್ತೋದು ನಮ್ಮ ಪದ್ಧತಿ ಅಲ್ವಲ್ಲಕ್ಕಾ. ಅದೂ ಸತ್ತ ಮೇಲೆ."

"ಬ್ಲೀಚಿಂಗಾಗೆ ಆರತಿ ಕಲಕೋದೂ ನಮ್ಮ ಪದ್ಧತಿ ಅಲ್ಲ. ನೀನು ಕಲಕಿದ್ಯಲ್ಲ? ಬಣ್ಣ ಓಗ್ತಾ ಐತೆ, ಬೇಗ."

ಎಲ್ಲೋ ಒಂದು ನಗು ಚಿಮ್ಮಿ ಅಡಗಿತು. ಜೆಯಂತಿ ಒಳಗೆ ಓಡಿ ಹಿತ್ತಾಳೆಯ ತಾಂಬಾಳ ತಂದಳು. ಮುನಿಯಮ್ಮಾಳ್ ಮೊಗೆದು ಕೊಟ್ಟಳು. ಪಾಂಡೀಶ್ವರಿ, ಜೆಯಂತಿ, ಇನ್ನೊಬ್ಬಳು, ಮೂವರು ಮುತ್ತೈದೆಯರು ತಾಂಬಾಳ ಹಿಡಿದು ಬೆಂಚಿನ ಮುಂದೆ ನಿಂತರು. ಕೆಂಪು ಆಗಲೇ ಅಂಚಿನಲ್ಲಿ ತಿಳಿಯಾಗುತ್ತಿತ್ತು. ಮೂರು ಸುತ್ತು ಎತ್ತಿದರು. ಅತ್ತೆಯ ಮುಖದ ಮುಂದೆ ತಾಂಬಾಳ ಬಂದಾಗಲೆಲ್ಲ ಅರಿಶಿನದ ವಾಸನೆಯೂ ಬ್ಲೀಚಿಂಗಿನ ಘಾಟೂ ಒಟ್ಟಿಗೆ ಏಳುತ್ತಿದ್ದವು. ಬೆಳಗಿನಿಂದ ಬಾರದ ಕಣ್ಣೀರು ಪಾಂಡೀಶ್ವರಿಗೆ ಈಗ ಬಂತು. ಅಳುತ್ತಲೇ ಬೆರಳು ಅದ್ದಿ ಅತ್ತೆಯ ಹಣೆಗೆ ಒಂದು ಬೊಟ್ಟಿಟ್ಟಳು. ನಲವತ್ತು ವರ್ಷದಿಂದ ಬರಿದಾಗಿದ್ದ ಹಣೆ ಅದು. ಇಡಬಾರದು ಎಂದು ಯಾರೂ ಅನ್ನಲಿಲ್ಲ.

ಆರತಿ ನೀರನ್ನು ಬೀದಿಯ ನಡುವೆ ಚೆಲ್ಲಿ ಬಂದಾಗ ಮುತ್ತಯ್ಯ ಬಾಗಿಲಿನ ಬಕೆಟ್ಟಿನ ಮುಂದೆ ನಿಂತಿದ್ದರು. ಟವೆಲ್ಲನ್ನು ಹೆಗಲಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡಿದ್ದರು. ಎರಡೂ ಕೈ ಮುಂದೆ ಚಾಚಿದ್ದರು.

"ಉಯ್ಯಿ ತಾಯಿ."

ಪಾಂಡೀಶ್ವರಿ ಮಗ್ಗಿನಲ್ಲಿ ನೀರು ತೆಗೆದು ಹೊಯ್ದಳು. ಅವರು ಬೆರಳ ಸಂದು, ಉಗುರು, ಮಣಿಕಟ್ಟು ಎಲ್ಲಾ ತಿಕ್ಕಿದರು. ತಿಕ್ಕುತ್ತಾ ಅತ್ತರು.

"ಅವತ್ತು ಅವ್ಳು ನಮ್ಮ ಮನೆ ತೊಳೆದು ಓಗೋವಾಗ ಒಂದು ಲೋಟ ನೀರು ಕುಡಿತೀಯಾ ಅಂತ ಕೇಳೋಣಾಂತ ಬಾಯಿ ತೆರೆದೆ. ನಲವತ್ತು ವರ್ಷ ಅವ್ಳ ಮನೆಯಾಗೆ ಕುಡಿಯದೋನು ಯಾವ ಮುಖ ಇಟ್ಕೊಂಡು ಕೇಳ್ಲಿ ಅಂತ ಸುಮ್ಕಾಗ್ಬುಟ್ಟೆ." ಟವೆಲ್ಲಿಗೆ ಕೈ ಹೋಯಿತು.

"ಒರೆಸ್ಬಾರ್ದು ಮಾಮಾ. ಒರೆಸಿದ್ರೆ ಬಟ್ಟೇಲಿರೋದು ಮತ್ತೆ ಕೈಗೆ ಬತ್ತದೆ. ಕೈ ಮೇಲೆತ್ತಿ ಇಟ್ಕೊಳ್ಳಿ, ಗಾಳಿಗ ಒಣಗ್ಲಿ."

ಮುತ್ತಯ್ಯ ಕೈ ಮೇಲೆತ್ತಿದರು. ಹಾಗೆಯೇ ಚಪ್ಪರದ ಕಡೆ ತಿರುಗಿ, "ಎಲ್ಲಾ ಸಾಲಾಗಿ ಬನ್ನಿ. ತೊಳೆಯದ ಕೈ ಚಟ್ಟ ಮುಟ್ಟಬಾರ್ದು," ಎಂದರು.

ಮೂರು ಗಂಟೆಗೆ ಎತ್ತಬೇಕಿದ್ದ ಹೆಣ ನಾಲ್ಕೂ ಕಾಲಿನವರೆಗೆ ಕಾಯಿತು. ಸಾಲು ಬೀದಿಯ ತುದಿ ದಾಟಿ ತೆಂಗಿನ ತೋಪಿನವರೆಗೆ ಹೋಗಿತ್ತು. ದಿಂಡಿಗಲ್ಲಿನವರು, ಚಿನ್ನಾಳಪಟ್ಟಿಯವರು, ಆಸ್ಪತ್ರೆಯಿಂದ ಬಂದು ಇನ್ನೂ ಕೆನ್ನೆ ಒಳಹೋಗಿದ್ದ ಜೆಯಕುಮಾರ್, ಮೂಗು ಮುರಿದವರು, ಬಕೆಟ್ಟು ದಾಟಿ ಹೋದವರು, ಎಲ್ಲರೂ ಬಂದರು. ಜೆಯಂತಿ ಸುರಿದಳು, ತಮಿಳ್‌ಸೆಲ್ವನ್ ನೀರು ಹೊತ್ತು ತಂದ, ಪಾಂಡೀಶ್ವರಿ ಬಕೆಟ್ಟು ಖಾಲಿಯಾದ ಹಾಗೆಲ್ಲ ಮತ್ತೆ ಕೂತು ಕಲಕಿದಳು. ಜನ ನುಗ್ಗುತ್ತಿದ್ದರು, ಅವಳನ್ನು ಮಾತಾಡಿಸುತ್ತಿದ್ದರು. ಒಂದು ಬಕೆಟ್ಟಿನಲ್ಲೂ ಅವಳು ಎಣಿಕೆ ತಪ್ಪಲಿಲ್ಲ. ಕೊನೆಯವನು ಕೈ ಚಾಚಿ ಹೋದ ಮೇಲೆಯೇ ಅವಳು ಮುಚ್ಚಳ ಕೆಳಗಿಟ್ಟಳು.

ಹೆಂಗಸರು ಮಸಣಕ್ಕೆ ಹೋಗುವಂತಿಲ್ಲ. ಬೀದಿ ಮುಗಿದು ಕಂಬಂ ರಸ್ತೆ ಸೇರುವಲ್ಲಿ ನಿಂತು ನೋಡಬೇಕು. ಪಾಂಡೀಶ್ವರಿ ಮುನಿಯಮ್ಮಾಳನ್ನು ಹಿಡಿದುಕೊಂಡು ಅಲ್ಲಿ ನಿಂತಳು. ತಮಟೆ ಮುಂದೆ ಹೋಯಿತು, ಒದ್ದೆ ಕೈಗಳ ಮೇಲೆ ಚಟ್ಟ ಹೋಯಿತು. ಅದರ ಹಿಂದೆ ಊರಿಗೆ ಊರೇ, ನೆಂಟರಿಗೆ ನೆಂಟರೇ, ತೊಳೆದ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಬಿಸಿಲಿಗೆ ಬೆರಳು ಬಿಡಿಸಿ ನಡೆಯಿತು. ಎಲ್ಲರಿಗಿಂತ ಮುಂದೆ ಮುತ್ತಯ್ಯ, ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದ್ದರು.

ತೇನಿಗೆ ಹೊರಟಿದ್ದ ಬಸ್ಸೊಂದು ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು. ಕಿಟಕಿಯ ಪಕ್ಕ ಕೂತಿದ್ದ ಯಾವುದೋ ಊರಿನ ಮುದುಕಿಯೊಬ್ಬಳು ಆ ಕೈಗಳನ್ನು ನೋಡಿದಳು, ಹೂವಿನಲ್ಲಿ ಮುಚ್ಚಿಹೋಗಿದ್ದ ಚಟ್ಟವನ್ನು ನೋಡಿದಳು. ಯಾವ ದೇವಿ ಹೊರಟಿದ್ದಾಳೋ ಎಂದುಕೊಂಡವಳ ಹಾಗೆ ಮಡಿಲಿನ ಚೀಲ ಕೆಳಗಿಟ್ಟು, ಸೀಟಿನಿಂದ ಎದ್ದು ನಿಂತು, ತಾನೂ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿದಳು.